ಯುಗಾದಿಯ ಧೂಳು, ಕೂಲರಿನ ನೀರು

"ಕವಿತೆಗಳು ಬೇಕಾದಷ್ಟು ಬಂದಿವೆ, ನೀನು ಪ್ರಾಣಿಶಾಸ್ತ್ರ ಓದುವವನು, ಆರೋಗ್ಯದ ಮೇಲೆ ಎರಡು ಪುಟ ಬರಿ" ಎಂದು ನಮ್ಮ ಸಂಘದ ಸಂಪಾದಕ ಮಿತ್ರ ಗಂಟುಬಿದ್ದ. ಹೇಗೂ ಯುಗಾದಿ ಹತ್ತಿರ ಬಂದಿದೆ. ನಮ್ಮ ಮನೆಯ ಕಥೆಯನ್ನೇ ಬರೆದರಾಯಿತು ಎಂದುಕೊಂಡೆ.

ಹಬ್ಬ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮಲ್ಲಿ ಯುದ್ಧ ಸುರುವಾಗುತ್ತದೆ. ಸೇನಾಪತಿ ನಮ್ಮವ್ವ. ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿ ನನ್ನ ಕೈಗೆ ಕೊಟ್ಟು, "ಮ್ಯಾಲೆ ನೋಡು, ಜೇಡರ ಬಲಿ ಹೆಂಗ ಜೋತಬಿದ್ದಾವ. ಕಾಲೇಜಿಗೆ ಹೋಗೋನಿಗೆ ಇಷ್ಟೂ ಕಾಣಂಗಿಲ್ಲೇನು?" ಎನ್ನುತ್ತಾಳೆ. ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿದು ಹುಣಸೆಹಣ್ಣಿನಿಂದ ತಿಕ್ಕಿಸಿಕೊಳ್ಳುತ್ತದೆ. ಕೌದಿಗಳೆಲ್ಲ ಒಗೆಸಿಕೊಂಡು ಮಾಳಿಗೆಯ ಮೇಲೆ ಬಿಸಿಲಿಗೆ ಬೀಳುತ್ತವೆ. ನಮ್ಮ ಅಜ್ಜ ಕಲಬುರ್ಗಿ ಕಡೆಯಿಂದ ಹೈದರಾಬಾದಿಗೆ ಬಂದಾಗ ಗಂಟುಮೂಟೆಯ ಜೊತೆ ತಂದ ಪದ್ಧತಿ ಇದು. ಓಣಿಯ ತೆಲುಗರಿಗೂ ಅದೇ ದಿನ ಯುಗಾದಿಯಾದ್ದರಿಂದ ಇಡೀ ಓಣಿಯಲ್ಲಿ ಒಂದೇ ಧೂಳು.

ಈ ಪದ್ಧತಿಯನ್ನು ನಾನು ಹಳಿಯುವವನಲ್ಲ. ಹಾಸಿಗೆ ಹೊದಿಕೆಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳು ಇರುತ್ತವೆ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅವುಗಳ ಊಟ. ಅವುಗಳ ಹಿಕ್ಕೆ ಮೂಗಿಗೆ ಹೋದರೆ ಕೆಲವರಿಗೆ ಸೀನು, ಉಬ್ಬಸ. ಕೌದಿಯನ್ನು ಬಿಸಿನೀರಲ್ಲಿ ಒಗೆದು ಚೆನ್ನಾಗಿ ಒಣಗಿಸಿದರೆ ಅವು ಬದುಕುವುದು ಕಷ್ಟ. ಅವ್ವನಿಗೆ ನುಸಿಯ ಹೆಸರು ಗೊತ್ತಿಲ್ಲ, ಕೆಲಸ ಮಾತ್ರ ಸರಿಯಾಗಿಯೇ ಮಾಡುತ್ತಾಳೆ. (ಒಂದು ಮಾತು: ಬಚ್ಚಲು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಸುರಿಯಬೇಡಿ. ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಹಾಸ್ಟೆಲಿನ ಗೆಳೆಯರು ಇದನ್ನು ಎರಡು ಸಲ ಓದಬೇಕೆಂದು ವಿನಂತಿ.)

ಆದರೆ ನನ್ನ ತಕರಾರು ಬೇರೆ. 2019ರ ಯುಗಾದಿಗೆ ನಮ್ಮ ಮನೆ ಕನ್ನಡಿಯಂತಿತ್ತು. ಬಂದವರೆಲ್ಲ ಹೊಗಳಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನನ್ನ ತಮ್ಮನಿಗೆ ಡೆಂಗಿ ಬಂತು.

ಮೊದಲ ದಿನ ಬರೀ ಜ್ವರ, ಕಣ್ಣಿನ ಹಿಂದೆ ನೋವು, ಮೈಯೆಲ್ಲ ಮುರಿದು ಹಾಕಿದಂತೆ. ನಮ್ಮ ಮನೆಯಲ್ಲಿ ಒಂದು ಬಿಸ್ಕಿಟ್ ಡಬ್ಬಿ ಇದೆ. ಹಿಂದಿನ ಎಲ್ಲ ಕಾಯಿಲೆಗಳ ಉಳಿಕೆ ಮಾತ್ರೆಗಳೂ ಅದರಲ್ಲಿರುತ್ತವೆ. ಅಪ್ಪ ಅದನ್ನು ತಡಕಾಡಿ, ತಮಗೆ ಸೊಂಟನೋವಿಗೆ ಕೊಟ್ಟಿದ್ದ ಐಬುಪ್ರೊಫೆನ್ ಮಾತ್ರೆಯನ್ನು ತಮ್ಮನಿಗೆ ನುಂಗಿಸಿದರು. ಜ್ವರ ಇಳಿಯಿತು, ಎಲ್ಲರೂ ನಿಟ್ಟುಸಿರು ಬಿಟ್ಟೆವು. ನಾಲ್ಕನೆಯ ದಿನ ಹಲ್ಲಿನ ವಸಡಿನಲ್ಲಿ ರಕ್ತ, ಹೊಟ್ಟೆನೋವು, ನಿಲ್ಲದ ವಾಂತಿ. ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಮೊದಲು ಕೇಳಿದ್ದೇ, "ಯಾವ ಮಾತ್ರೆ ಕೊಟ್ಟಿದ್ದೀರಿ?" ಎಂದು. ಡೆಂಗಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗುತ್ತವೆ. ಐಬುಪ್ರೊಫೆನ್, ಆಸ್ಪಿರಿನ್ ಜಾತಿಯ ಮಾತ್ರೆಗಳು ಉಳಿದ ಕಣಗಳ ಕೆಲಸವನ್ನೂ ಕೆಡಿಸಿ ರಕ್ತಸ್ರಾವ ಹೆಚ್ಚಿಸುತ್ತವೆ. ಇಂಥ ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ತಕ್ಕ ಪ್ರಮಾಣದಲ್ಲಿ, ಮತ್ತು ಬೇಕಾದಷ್ಟು ನೀರಿನಂಶ. ಇನ್ನೊಂದು ವಿಷಯವನ್ನು ಅವತ್ತು ಕಲಿತೆವು. ಜ್ವರ ಇಳಿದ ಮೇಲಿನ ಒಂದೆರಡು ದಿನಗಳೇ ಹೆಚ್ಚು ಅಪಾಯದವು. ನಾವು ನಿಟ್ಟುಸಿರು ಬಿಟ್ಟದ್ದು ತಪ್ಪು ಹೊತ್ತಿನಲ್ಲಿ. ಅಪ್ಪ ಆ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ.

ಆರು ದಿನಕ್ಕೆ ತಮ್ಮ ಮನೆಗೆ ಬಂದ. ಮರುದಿನ ಪಾಲಿಕೆಯಿಂದ ಒಬ್ಬಾಕೆ ಬಂದರು. ಅವ್ವ, "ನಮ್ಮ ಮನ್ಯಾಗ ಏನೂ ಇಲ್ಲಮ್ಮ, ಒಂದು ಕಸದ ಕಡ್ಡಿ ತೋರ್ಸು" ಎಂದಳು. ಆಕೆ ನಗುತ್ತ ನೇರ ಹಿಂದಿನ ಬಾಲ್ಕನಿಗೆ ಹೋಗಿ ಕೂಲರಿನ ತೊಟ್ಟಿಗೆ ಬ್ಯಾಟರಿ ಬೆಳಕು ಬಿಟ್ಟರು. ಬೇಸಿಗೆ ಮುಗಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ತಳದಲ್ಲಿ ನಾಲ್ಕು ಬೆರಳು ನೀರು, ಮಳೆಯದೂ ಸೇರಿತ್ತು. ಬೆಳಕು ಬಿದ್ದೊಡನೆ ಸಣ್ಣ ಸಣ್ಣ ದಾರದ ತುಂಡುಗಳಂಥವು ಪುತಪುತನೆ ಕೆಳಗಿಳಿದವು. ಅವ್ವ ಸೆರಗು ಬಾಯಿಗೆ ಹಿಡಿದಳು.

ನಾನು ಸೊಳ್ಳೆಯ ಸಂಸಾರ ಓದತೊಡಗಿದ್ದು ಆಗಿನಿಂದ. ಡೆಂಗಿ ಹರಡುವುದು ಈಡಿಸ್ ಎಂಬ, ಕಾಲಿನ ಮೇಲೆ ಬಿಳಿ ಪಟ್ಟೆಯ ಸೊಳ್ಳೆ. ಕಚ್ಚುವುದು ಹೆಣ್ಣು ಮಾತ್ರ, ಅದೂ ಹೆಚ್ಚಾಗಿ ಹಗಲು ಹೊತ್ತು. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಚರಂಡಿಯ ಕೊಳಕು ನೀರಿಗಿಂತ ನಾವು ಹಿಡಿದಿಟ್ಟ ತಿಳಿನೀರೇ ಇದಕ್ಕೆ ಇಷ್ಟ: ಡ್ರಮ್ಮು, ಕೂಲರು, ಹೂಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟಿನ ಸೀಸೆ, ಫ್ರಿಜ್ಜಿನ ಹಿಂದಿನ ತಟ್ಟೆ, ಮಾಳಿಗೆಯ ಮೇಲಿನ ಹಳೆ ಟೈರು. ಮರಿಗಳು ತಲೆಕೆಳಗಾಗಿ ಜೋತುಬಿದ್ದು ಬಾಲದ ಬಳಿಯ ಕೊಳವೆಯಿಂದ ಉಸಿರಾಡುತ್ತವೆ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹುಟ್ಟಿದ ಜಾಗದಿಂದ ಬಹಳ ದೂರವೂ ಹಾರದು. ಅಂದರೆ ತಮ್ಮನನ್ನು ಮನೆಯಲ್ಲಿ ಕಚ್ಚಿದ ಸೊಳ್ಳೆ ನಮ್ಮದೇ, ಇಲ್ಲವೇ ನಮ್ಮ ಓಣಿಯದೇ.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಅದರ ಮೊಟ್ಟೆ. ಅದು ನೀರಿನ ಅಂಚಿಗೆ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಕೂತಿರುತ್ತದೆ, ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ತಾಗಿದೊಡನೆ ಮರಿ ಹೊರಗೆ. ಈಗ ಯೋಚಿಸಿ. ಅಟ್ಟಕ್ಕೆ ಹೋದ ಕೂಲರನ್ನು ಯುಗಾದಿಯ ಹೊತ್ತಿಗೆ ಇಳಿಸಿ, ಹೊರಮೈ ಒರೆಸಿ, ನೀರು ತುಂಬಿ ಗುಂಡಿ ಒತ್ತುತ್ತೇವಲ್ಲ, ಹೋದ ವರ್ಷದ ಮೊಟ್ಟೆಗಳಿಗೆ ಅದೇ ಹೊಸ ವರ್ಷ! ಆದ್ದರಿಂದ ತೊಟ್ಟಿಯ ಒಳಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಬೇಕು, ಹಳೆಯ ಹುಲ್ಲಿನ ಪ್ಯಾಡನ್ನು ಎಸೆಯಬೇಕು. ಅದೂ ಒಮ್ಮೆ ಮಾಡಿ ಕೈತೊಳೆದುಕೊಂಡರೆ ಆಗದು. ಸೊಳ್ಳೆಗೆ ವಾರ ಸಾಕೆಂದರೆ ನಮ್ಮ ಯುಗಾದಿಯೂ ವಾರಕ್ಕೊಮ್ಮೆ ಬರಬೇಕು. ಇಲ್ಲಿನ ತೆಲಂಗಾಣ ಸರಕಾರ 2020ರಲ್ಲಿ ಇದನ್ನೇ ಪ್ರತಿ ಭಾನುವಾರ ಹತ್ತು ಗಂಟೆಗೆ ಹತ್ತು ನಿಮಿಷ ಎಂದು ಸಾರಿತು. ಹೊಸ ವರ್ಷಕ್ಕೆ ಯೋಗ, ಓಟ, ಹಸಿ ತರಕಾರಿ ಎಂದು ಏನೇನೋ ಪ್ರತಿಜ್ಞೆ ಮಾಡಿ ನಾಲ್ಕನೇ ದಿನ ಬಿಡುವ ನನ್ನಂಥವನಿಗೂ ಹತ್ತು ನಿಮಿಷದ ಕೆಲಸ ಕೈಗೆ ಹತ್ತಿದೆ.

ಇದರಲ್ಲಿ ನಮ್ಮ ಊರುಗಳ ನಂಟೂ ಇದೆ. ಮಲೇರಿಯದ ಪರೋಪಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡದ್ದು ಇದೇ ಸಿಕಂದರಾಬಾದಿನಲ್ಲಿ. 1902ರಲ್ಲಿ ಅವರಿಗೆ ನೊಬೆಲ್ ಬಂತು. ಬೇಗಂಪೇಟೆಯಲ್ಲಿ ಅವರ ನೆನಪಿನ ಕಟ್ಟಡವಿದೆ, ನೋಡಿರದವರು ಒಮ್ಮೆ ನೋಡಿ. ಆದರೆ ಅದಕ್ಕೂ 14 ವರ್ಷ ಮೊದಲು, 1883ರಲ್ಲಿ, ರಾಸ್ ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದರು. ಬಂಗಲೆಯ ತುಂಬ ಸೊಳ್ಳೆ. ಹುಡುಕಿದರೆ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲೇ ಮರಿಗಳು. ತೊಟ್ಟಿ ಮಗುಚಿದರು, ಸೊಳ್ಳೆ ಹೋಯಿತು. ದಂಡಿನ ಭೋಜನಶಾಲೆಯಲ್ಲೂ ಹೀಗೇ ಮಾಡೋಣ ಎಂದರೆ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಗಳು ಸೃಷ್ಟಿಯಾದದ್ದೂ ಯಾವುದೋ ಉದ್ದೇಶಕ್ಕೇ, ನಾವು ಸಹಿಸಿಕೊಳ್ಳಬೇಕು ಎಂಬ ಧಾಟಿಯ ಉತ್ತರ ಕೊಟ್ಟರಂತೆ. ಸೊಳ್ಳೆಗೂ ಮಲೇರಿಯಕ್ಕೂ ಏನು ಸಂಬಂಧವೆಂದು ಆಗ ರಾಸ್‌ಗೂ ಗೊತ್ತಿರಲಿಲ್ಲ. ಸೂಕ್ಷ್ಮದರ್ಶಕದ ಕೆಲಸಕ್ಕಿಂತ ಆ ಮಗುಚಿದ ತೊಟ್ಟಿಯೇ ನನಗೆ ಹೆಚ್ಚು ಹಿಡಿಸಿದೆ, ಅದನ್ನು ನಾವೂ ಮಾಡಬಹುದಲ್ಲ!

ಬಿಸ್ಕಿಟ್ ಡಬ್ಬಿಯ ಗತಿ ಹೇಳದಿದ್ದರೆ ಅಪ್ಪನಿಗೆ ಅನ್ಯಾಯವಾಗುತ್ತದೆ. ಈಗ ಪ್ರತಿ ಯುಗಾದಿಯ ಮುನ್ನಾದಿನ ಅವರೇ ಅದನ್ನು ಚಾಪೆಯ ಮೇಲೆ ಸುರುವುತ್ತಾರೆ. ಅವಧಿ ಮುಗಿದದ್ದು ಒಂದು ಕಡೆ, ಬಾಯಿ ತೆರೆದು ತಿಂಗಳು ದಾಟಿದ ಕಣ್ಣಿನ ಹನಿ ಒಂದು ಕಡೆ. ಹಿಂಬದಿಯಲ್ಲಿ ಕೆಂಪು ಗೆರೆಯಿರುವ ಪಟ್ಟಿಗಳನ್ನು ಡಾಕ್ಟರ ಚೀಟಿಯಿಲ್ಲದೆ ನುಂಗಬಾರದು. ಬಹಳಷ್ಟು ಆಂಟಿಬಯಾಟಿಕ್‌ಗಳು ಇವೇ, ಡೆಂಗಿಯಂಥ ವೈರಸ್ ಜ್ವರಕ್ಕೆ ಇವು ಏನೂ ಮಾಡವು. ಅಂಥ ಉಳಿಕೆಯನ್ನೆಲ್ಲ ಅಪ್ಪ ತೆಗೆದುಹಾಕುತ್ತಾರೆ. ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರು, ಹತ್ತಿ. ಯಾವ ಮಾತ್ರೆ ಯಾರದು, ಯಾವಾಗಿನದು ಎಂದು ಚೀಟಿ ಅಂಟಿಸಿ ಮುಚ್ಚುತ್ತಾರೆ. ಮಾತು ಮಾತ್ರ ಆಡುವುದಿಲ್ಲ.

ತಮ್ಮನ ಭಯ ನಮಗೆ ಇನ್ನೂ ಹೋಗಿಲ್ಲ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದುಹೋದರೆ ಆ ಬಗೆಯಿಂದ ರಕ್ಷಣೆ, ಆದರೆ ಎರಡನೆಯ ಸಲ ಬೇರೆ ಬಗೆಯದು ಬಂದರೆ ಮೊದಲಿಗಿಂತ ಜೋರಾಗುವ ಸಂಭವ ಹೆಚ್ಚು. ಅದಕ್ಕೇ ಅವನು ಈಗ ಕೂಲರಿನ ಜಮಾದಾರ. ಭಾನುವಾರ ಬ್ರಷ್ಷು ಹಿಡಿದು ಕೂತರೆ ಅವ್ವ ತಾಮ್ರದ ಹಂಡೆಗೂ ಅಷ್ಟು ಹೊಳಪು ತಂದಿರಲಾರಳು. ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಬಿಗಿದು ಕಟ್ಟುವುದು ನನ್ನ ಪಾಲು. ಪಕ್ಕದ ಮನೆಯ ಮಾಮಾರ ಮಾಳಿಗೆಯ ಮೇಲೆ ಎರಡು ಟೈರುಗಳಿವೆ. "ಇರಲಿ ಬಿಡಪ್ಪಾ, ಯಾವಾಗಾದ್ರೂ ಬೇಕಾಗ್ತಾವ" ಎನ್ನುತ್ತಾರೆ. ಈ ಯುಗಾದಿಗೆ ಬೇವು ಕೊಡಲು ಹೋದಾಗ ತಮ್ಮ ಆ ವಿಷಯ ಮತ್ತೆ ಎತ್ತುವವನಿದ್ದಾನೆ.