ಮೂವತ್ತು ಕೆಜಿ ಮೀರಿದ ಸಾಮಾನು

ಗಲ್ಫಿನಲ್ಲಿ ನಾವು ಸಾಮಾನು ಕೊಳ್ಳುವಾಗ ಬೆಲೆಗಿಂತ ಮೊದಲು ತೂಕ ನೋಡುತ್ತೇವೆ. ಮಿಕ್ಸಿಯಾದರೆ ಲಗೇಜಿನಲ್ಲಿ ಊರಿಗೆ ಹೋಗುತ್ತದೆ, ಕಂಬಳಿಯಾದರೆ ಕಾರ್ಗೋಗೆ ಹಾಕಬಹುದು, ಮಂಚ ಕಪಾಟನ್ನು ಮುಂದಿನ ಬಾಡಿಗೆಯವರಿಗೆ ಬಿಡಬಹುದು. ಹೀಗೆ ಲೆಕ್ಕ ಹಾಕಿಯೇ ಹತ್ತು ಹದಿನೈದು ವರ್ಷ ಕಳೆದ ನಾವು ನಾಲ್ವರು ಕಳೆದ ವರ್ಷ ನಾಲ್ಕು ಜನ ಹಿಡಿದರೂ ಸುಲಭಕ್ಕೆ ಏಳದ ಒಂದು ಪೆಟ್ಟಿಗೆಯನ್ನು ಅಜ್ಮಾನಿನ ನಮ್ಮ ಬಾಡಿಗೆ ಮನೆಗೆ ತಂದೆವು. ಅದು ನಾಣ್ಯ ಹಾಕಿ ಆಡುವ ಹಳೆಯ ವಿಡಿಯೋ ಗೇಮ್ ಮಷಿನ್.

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ ನಿಲ್ದಾಣದ ಹತ್ತಿರದ ಕತ್ತಲೆ ಅಂಗಡಿ, ಬಾಗಿಲಿಗೆ ಒಂದು ಪರದೆ, ಒಳಗೆ ನಮ್ಮ ಕ್ಲಾಸಿನ ಅರ್ಧ ಹುಡುಗರು. ಅಲ್ಲಿ 'ಮುಸ್ತಫಾ' ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತಿತ್ತು. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ಅದರ ನಾಲ್ಕು ಪಾತ್ರಗಳಲ್ಲಿ ಹಳದಿ ಟೋಪಿಯ ಮುಸ್ತಫಾ ಕೈರೋ ಕೂಡ ಒಬ್ಬ. ಇಡೀ ಇಂಡಿಯಾದ ಹುಡುಗರು ಆಟಕ್ಕೇ ಅವನ ಹೆಸರಿಟ್ಟುಬಿಟ್ಟರು. ಅದಕ್ಕೂ ಎರಡು ವರ್ಷ ಮೊದಲು, 1991ರಲ್ಲಿ, ಅದೇ ಕಂಪನಿಯಿಂದ 'ಸ್ಟ್ರೀಟ್ ಫೈಟರ್ 2' ಬಂದಿತ್ತು. ನಮಗೆ ಸಿಕ್ಕ ಪೆಟ್ಟಿಗೆಯೊಳಗೆ ಇದ್ದದ್ದು ಅದರದೇ ಒಂದು ನಕಲಿ ಬೋರ್ಡು.

ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ, ಮುಚ್ಚಿಹೋದ ಮಕ್ಕಳ ಆಟದ ಕೇಂದ್ರದ ಸಾಮಾನುಗಳ ನಡುವೆ ಅದು ನಿಂತಿತ್ತು. ಪೆಟ್ಟಿಗೆಗೆ 700 ದಿರ್ಹಮ್, ಪಿಕಪ್ ಗಾಡಿಗೆ 120. ಇಂಥದ್ದನ್ನು ಕೊಳ್ಳುವವರು ಹೊರಗಿನ ಬಣ್ಣ ನೋಡಬಾರದು. ಹಿಂದಿನ ಬಾಗಿಲು ತೆಗೆಸಿ ಪಿಕ್ಚರ್ ಟ್ಯೂಬಿನ ಕತ್ತು ಒಡೆದಿದೆಯೇ, ಸುಟ್ಟ ವಾಸನೆ ಇದೆಯೇ, ಪರದೆಯ ಮೇಲೆ ಹಳೆಯ ಆಟದ ನೆರಳು ಅಚ್ಚೊತ್ತಿ ಕೂತಿದೆಯೇ ಎಂದು ನೋಡಬೇಕು. ಟ್ಯೂಬ್ ಚೆನ್ನಾಗಿದ್ದರೆ ಉಳಿದದ್ದನ್ನೆಲ್ಲ ಮಾಡಿಕೊಳ್ಳಬಹುದು.

ನಮ್ಮಲ್ಲಿ ಕುಂದಾಪುರದವರು ಬಡಗಿ, ಹುಬ್ಬಳ್ಳಿಯವರು ಎಲೆಕ್ಟ್ರಿಷಿಯನ್, ಹಾಸನದವರು ಸ್ಟೋರ್ ಕೀಪರ್. ನಾಲ್ಕನೆಯವರು ಭದ್ರಾವತಿಯವರು. ಇಲ್ಲಿ ಅವರದು ಸಿಸಿಟಿವಿ ಕೇಬಲ್ ಎಳೆಯುವ ಕೆಲಸ. ಊರಿನಲ್ಲಿ ಅವರಿಗೆ ಟೀವಿ ರಿಪೇರಿ ಅಂಗಡಿ ಇತ್ತು. ಚಪ್ಪಟೆ ಟೀವಿ ಬಂದ ಮೇಲೆ ಪಿಕ್ಚರ್ ಟ್ಯೂಬಿನ ಕೆಲಸ ನಿಂತಿತು. ಹೊಸ ಟೀವಿ ಕೆಟ್ಟರೆ ಜನ ಇಡೀ ಬೋರ್ಡನ್ನೇ ಬದಲಾಯಿಸುತ್ತಾರೆ, ಇಲ್ಲವೇ ಬಿಸಾಡುತ್ತಾರೆ. ಇಪ್ಪತ್ತು ವರ್ಷದ ಕೈಕೆಲಸವನ್ನು ಬಿಟ್ಟು ಅವರು ವೀಸಾ ಹಿಡಿದು ಬಂದದ್ದು ಹೀಗೆ.

ಕೆಲಸ ಶುರುವಾದದ್ದು ಮರಳಿನಿಂದ. ಬ್ಲೋವರ್ ಹಿಡಿದಾಗ ಒಳಗಿನಿಂದ ಅರ್ಧ ಬಕೆಟ್ ಧೂಳು, ಒಂದು ಸತ್ತ ಹಲ್ಲಿ, ನಾಲ್ಕು ಟೋಕನ್ ಬಿದ್ದವು. ಪೆಟ್ಟಿಗೆಯ ಬುಡ ನೀರು ಕುಡಿದು ಉಬ್ಬಿ ಪುಡಿಯಾಗುತ್ತಿತ್ತು. ಕುಂದಾಪುರದವರು ಆ ಭಾಗವನ್ನು ಕೊಯ್ದು 18 ಮಿಲಿಮೀಟರ್ ಪ್ಲೈವುಡ್ ಕೂರಿಸಿ ಕೆಳಗೆ ಚಕ್ರ ಹಾಕಿದರು. ಬಾಡಿಗೆ ಮನೆ ಬದಲಾಯಿಸುವವರಿಗೆ ಚಕ್ರ ಬೇಕೇ ಬೇಕು ಎಂಬುದು ಅವರ ವಾದ.

ಒಳಗಿನ ವೈರಿಂಗ್ ನೋಡಿದರೆ ಭಯವಾಗುತ್ತದೆ, ಆದರೆ ಅದಕ್ಕೊಂದು ಕ್ರಮವಿದೆ. 1985ರಲ್ಲಿ ಜಪಾನಿನ ತಯಾರಕರ ಸಂಘ 'ಜಾಮಾ' ಎಂಬ ಒಂದೇ ಬಗೆಯ ಜೋಡಣೆಯನ್ನು ಗೊತ್ತುಮಾಡಿತು. ಒಂದೇ ಕನೆಕ್ಟರ್, ಅದರಲ್ಲಿ 56 ಸಂಪರ್ಕಗಳು. ಕರೆಂಟು, ಚಿತ್ರ, ಶಬ್ದ, ಗುಂಡಿ, ನಾಣ್ಯ ಎಲ್ಲ ಅದರಲ್ಲೇ. ಆದ್ದರಿಂದ ಒಂದು ಆಟದ ಬೋರ್ಡ್ ಕಿತ್ತು ಇನ್ನೊಂದನ್ನು ಸಿಕ್ಕಿಸಿದರೆ ಪೆಟ್ಟಿಗೆ ಹೊಸ ಆಟ ಆಡುತ್ತದೆ. ಸ್ಟ್ರೀಟ್ ಫೈಟರ್‌ಗೆ ಮಾತ್ರ ಒಬ್ಬೊಬ್ಬರಿಗೆ ಆರು ಗುಂಡಿ. ಜಾಮಾದಲ್ಲಿ ಅಷ್ಟಕ್ಕೆ ಜಾಗವಿಲ್ಲದ್ದರಿಂದ ಒದೆಯುವ ಮೂರು ಗುಂಡಿಗಳಿಗೆ ಬೇರೆ ವೈರ್ ಬರುತ್ತದೆ. ನಮ್ಮದರಲ್ಲಿ ಆ ವೈರನ್ನು ಯಾರೋ ಕತ್ತರಿಸಿದ್ದರು. ಹುಬ್ಬಳ್ಳಿಯವರು ಎರಡು ಸಂಜೆ ಕೂತು ಅದನ್ನು ಹೊಸದಾಗಿ ಹೆಣೆದರು. ಪವರ್ ಸಪ್ಲೈ ಕೂಡ ಬದಲಾಯಿತು. ಬೋರ್ಡಿಗೆ ಬೇಕಾದದ್ದು 5 ವೋಲ್ಟ್. ಹಳೆಯದರಿಂದ ಬರುತ್ತಿದ್ದದ್ದು 4.6. ಅಷ್ಟು ಕಡಿಮೆಯಾದರೂ ಆಟ ನಡುವೆಯೇ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಇಷ್ಟಾದರೂ ಚಿತ್ರ ಸರಿಯಿರಲಿಲ್ಲ. ಅಂಚುಗಳು ಬಾಗಿದ್ದವು, ಮೇಲಿನ ಭಾಗ ಮಡಚಿಕೊಂಡಿತ್ತು. ಇಲ್ಲಿ ನಮ್ಮಲ್ಲೇ ಚರ್ಚೆ ಹುಟ್ಟಿತು. ಟ್ಯೂಬ್ ತೆಗೆದು ಎಲ್‌ಸಿಡಿ ಪರದೆ ಹಾಕಿ, ಅಂಗೈಯಗಲದ ಕಂಪ್ಯೂಟರಿನಲ್ಲಿ ನೂರಾರು ಆಟ ತುಂಬಿಸಬಹುದು. ಖರ್ಚು ಕಡಿಮೆ, ಅಪಾಯವೂ ಇಲ್ಲ ಎಂದು ಹಾಸನದವರು ಹೇಳಿದರು. ಅದು ನ್ಯಾಯವಾದ ಮಾತೇ. ಎಷ್ಟೋ ಜನ ಹಾಗೆಯೇ ಮಾಡುತ್ತಾರೆ. ಭದ್ರಾವತಿಯವರು ವಾದ ಮಾಡಲಿಲ್ಲ. "ಒಂದು ವಾರ ಕೊಡಿ" ಎಂದರು, ಅಷ್ಟೇ.

ಈ ಕೆಲಸ ಗೊತ್ತಿಲ್ಲದವರು ಮುಟ್ಟಬಾರದು ಎಂದು ಇಲ್ಲಿ ಬರೆಯಲೇಬೇಕು. ಓಡುವಾಗ ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20 ಸಾವಿರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಭದ್ರಾವತಿಯವರು ಉಂಗುರ, ವಾಚು ಬಿಚ್ಚಿಟ್ಟು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಟ್ಯೂಬಿನ ಅರ್ತಿಗೆ ವೈರ್ ಕಟ್ಟಿದ ಸ್ಕ್ರೂಡ್ರೈವರನ್ನು ರಬ್ಬರ್ ಟೋಪಿಯ ಕೆಳಗೆ ತೂರಿಸಿದರು. 'ಟಪ್' ಎಂದು ಶಬ್ದ ಬಂತು. ಮತ್ತೊಮ್ಮೆ ಮಾಡಿದರು, ಶಬ್ದ ಬರಲಿಲ್ಲ. ಆಮೇಲೆಯೇ ನಮ್ಮನ್ನು ಹತ್ತಿರ ಬಿಟ್ಟರು.

ಮಾನಿಟರ್ ಬೋರ್ಡಿನ ಕೆಪಾಸಿಟರ್‌ಗಳೊಳಗಿನ ದ್ರವ ವರ್ಷಗಳ ಬಿಸಿಗೆ ಒಣಗುತ್ತದೆ. ಚಿತ್ರ ಬಾಗುವುದಕ್ಕೂ ಮಡಚುವುದಕ್ಕೂ ಹೆಚ್ಚಾಗಿ ಅದೇ ಕಾರಣ. ಬೇಸಿಗೆಯಲ್ಲಿ ಎಸಿ ಇಲ್ಲದ ಗೋದಾಮು ಅದಕ್ಕೆ ಒಲೆಯಿದ್ದಂತೆ. ದೇರಾದ ಬಿಡಿಭಾಗದ ಅಂಗಡಿಯಿಂದ 105 ಡಿಗ್ರಿ ಶಾಖ ತಡೆಯುವ 28 ಕೆಪಾಸಿಟರ್ ತಂದೆವು, ಎಲ್ಲ ಸೇರಿ 40 ದಿರ್ಹಮ್ ಆಯಿತು. ಒಂದೊಂದನ್ನೇ ತೆಗೆದು, ಪ್ಲಸ್ ಮೈನಸ್ ನೋಡಿ, ಹೊಸದು ಕೂರಿಸುವ ಕೆಲಸ ನಾಲ್ಕು ರಾತ್ರಿ ನಡೆಯಿತು. ದಿನವಿಡೀ ಏಣಿ ಹತ್ತಿ ಬಂದ ಮನುಷ್ಯ ಹನ್ನೊಂದು ಗಂಟೆಗೆ ಬೆಸುಗೆ ಕಡ್ಡಿ ಹಿಡಿದಾಗ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಆರು ವರ್ಷ ಒಂದೇ ಕೋಣೆಯಲ್ಲಿ ಮಲಗಿದ ನಾವು ಅವರ ಕೆಲಸವನ್ನು ಕಂಡದ್ದು ಅದೇ ಮೊದಲು.

ಐದನೆಯ ರಾತ್ರಿ ಚಿತ್ರ ನೇರವಾಗಿ ನಿಂತಿತು. ಹಾಸನದವರೇ ಮೊದಲ ನಾಣ್ಯ ಹಾಕಿದರು.

ಆಮೇಲೆ ವಾರದ ರಜೆಗಳಿಗೆ ಬೇರೆ ಕಳೆ ಬಂತು. ಪಕ್ಕದ ಕಟ್ಟಡದ ಮಂಗಳೂರಿನವರು, ಮಲಯಾಳಿಗಳು, ಒಬ್ಬ ಪಾಕಿಸ್ತಾನಿ ಚಾಲಕರು ಆಡಲು ಬರತೊಡಗಿದರು. ಫೋನಿನೊಳಗೆ ತಲೆ ಹಾಕಿ ಮಲಗುತ್ತಿದ್ದ ಮನೆಯಲ್ಲಿ ಸರದಿಗಾಗಿ ಜಗಳ ಕೇಳಿಸಿತು. ನಾಣ್ಯದ ಪೆಟ್ಟಿಗೆಯನ್ನು ಒಂದು ದಿರ್ಹಮ್ ನಾಣ್ಯಕ್ಕೆ ಹೊಂದಿಸಿದ್ದೆವು. ಬಿದ್ದ ಹಣ ರಜೆಯ ದಿನದ ಅಡುಗೆಗೆ ಹೋಗುತ್ತಿತ್ತು.

ಏಪ್ರಿಲ್‌ನಲ್ಲಿ ಭದ್ರಾವತಿಯವರ ಕಂಪನಿಯ ಕಾಂಟ್ರಾಕ್ಟ್ ಮುಗಿಯಿತು. ಅವರ ವೀಸಾ ರದ್ದಾಯಿತು. ಹೊಸ ಕೆಲಸ ಹುಡುಕಲು ಅವರು ಮನಸ್ಸು ಮಾಡಲಿಲ್ಲ. ಮಗಳ ಪಿಯುಸಿ ಮುಗಿದಿತ್ತು, ಹೆಂಡತಿಗೂ ಸಾಕಾಗಿತ್ತು. ಮಷಿನ್ ಮಾರಿ ಪಾಲು ಕೊಡುತ್ತೇವೆ ಎಂದೆವು. ಅವರು ಬೇಡ ಎಂದರು. ಪೆಟ್ಟಿಗೆಯನ್ನು ಹಡಗಿನಲ್ಲಿ ಕಳಿಸುವ ದರವನ್ನೂ ವಿಚಾರಿಸಿದೆವು, ಕೊಂಡದ್ದಕ್ಕಿಂತ ಹೆಚ್ಚಾಗುತ್ತಿತ್ತು. ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದಾಗ, ಇನ್ವರ್ಟರ್, ಎಲ್‌ಇಡಿ ಟೀವಿ ಬೋರ್ಡುಗಳನ್ನೂ ಕೆಪಾಸಿಟರ್ ಮಟ್ಟದಲ್ಲೇ ರಿಪೇರಿ ಮಾಡಬಹುದು, ಅಂಗಡಿಯ ಶಟರ್ ಮತ್ತೆ ಎತ್ತಿ ನೋಡುತ್ತೇನೆ ಎಂದರು. ಬೆಸುಗೆ ಕಡ್ಡಿ ಮತ್ತು ಮೀಟರು ಅವರ ಮೂವತ್ತು ಕೆಜಿಯೊಳಗೆ ಹೋದವು.

ಮುಂದಿನ ಸರದಿ ನಮ್ಮಲ್ಲಿ ಯಾರದೋ ಗೊತ್ತಿಲ್ಲ. ಪೆಟ್ಟಿಗೆ ಮಾತ್ರ ಕೊನೆಗೆ ಉಳಿದವರ ಪಾಲಿಗೆ ಎಂದು ತೀರ್ಮಾನಿಸಿದ್ದೇವೆ. ಕೊನೆಯವರೂ ಹೊರಟಾಗ ಇನ್ನೊಂದು ಕನ್ನಡಿಗರ ಮನೆಗೆ ಅದನ್ನು ಚಕ್ರದ ಮೇಲೆ ತಳ್ಳಿಕೊಂಡು ಹೋಗಿ ಕೊಡಬೇಕು. ತೆಗೆದುಕೊಳ್ಳುವವರಿಗೆ ತೊಂದರೆಯಾಗದು. ಹಿಂದಿನ ಬಾಗಿಲ ಒಳಮೈಯಲ್ಲಿ ಭದ್ರಾವತಿಯವರು ಹೊರಡುವ ಹಿಂದಿನ ದಿನ ಮಾರ್ಕರ್‌ನಲ್ಲಿ ಎಲ್ಲ ಬರೆದಿಟ್ಟಿದ್ದಾರೆ: ಯಾವ ಬಣ್ಣದ ವೈರು ಯಾವುದಕ್ಕೆ, 5 ವೋಲ್ಟ್ ಎಲ್ಲಿ ಅಳೆಯಬೇಕು, ಯಾವ ಕೆಪಾಸಿಟರ್ ಮೊದಲು ಕೆಡುತ್ತದೆ. ಎಲ್ಲಕ್ಕಿಂತ ಮೇಲೆ ಕೆಂಪು ಅಕ್ಷರದಲ್ಲಿ, 'ಮೊದಲು ಡಿಸ್ಚಾರ್ಜ್ ಮಾಡಿ, ಆಮೇಲೆ ಕೈ ಹಾಕಿ.'