ನನ್ನ ಪಾಲಿಗೆ ಬಂದ 20 ಗಂಟೆ

ಹೆಬ್ಬೆರಳಿನ ತುದಿಯಷ್ಟು ಗಾತ್ರ, 10 ಗ್ರಾಂ ಆಸುಪಾಸು ತೂಕ, ಲಕ್ಷ ರೂಪಾಯಿಗೂ ಮೀರಿದ ಬೆಲೆ. ಒಡವೆ ಅಲ್ಲ, ಐಫೋನ್ ಅಲ್ಲ. ಬೀರುವಿನಲ್ಲಿ ಬೀಗ ಹಾಕಿ ಇಡುವಂಥದ್ದೂ ಅಲ್ಲ. ಬಳಸಿದಷ್ಟೂ ಸವೆದು ಒಂದು ದಿನ ಮುಗಿದೇ ಹೋಗುವಂಥದ್ದು. ಅದರ ಹೆಸರು ಫೋನೊ ಕಾರ್ಟ್ರಿಜ್. ರೆಕಾರ್ಡ್ ಪ್ಲೇಯರ್‌ನ ತೋಳಿನ ತುದಿಯಲ್ಲಿ ಕೂತು, ಪ್ಲೇಟಿನ ಗೆರೆಯಲ್ಲಿ ಅಡಗಿದ ಹಾಡನ್ನು ಹೊರಗೆ ತರುವ ಪುಟ್ಟ ಯಂತ್ರ. ಅದಕ್ಕೆ ಅಷ್ಟೊಂದು ದುಡ್ಡಾ ಎಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ. ನಮ್ಮ ನೆಂಟರಿಷ್ಟರೆಲ್ಲ ಹುಬ್ಬೇರಿಸಿದವರೇ.

ಎಂ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗಳ ಬೆನ್ನು ಹತ್ತಿರುವ ನಾನು ಒಂದು ವರ್ಷದಿಂದ ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದೇನೆ. ಮಾವ ನಿವೃತ್ತ ನೌಕರರು. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿರುವುದು ನಾವಿಬ್ಬರು, 300 ಎಲ್‌ಪಿ ರೆಕಾರ್ಡು ಮತ್ತು ನಿವೃತ್ತಿಯ ಹಣದಲ್ಲಿ ಅವರು ಕೊಂಡ ಈ ಕಾರ್ಟ್ರಿಜ್. ಡೆನ್ಮಾರ್ಕ್‌ನ ಆರ್ಟೊಫೋನ್ ಕಂಪನಿಯ ಕ್ಯಾಡೆಂಜಾ ಬ್ಲೂ. 1918ರಲ್ಲಿ ಶುರುವಾದ ಈ ಕಂಪನಿ 1948ರ ಹೊತ್ತಿಗೇ ಇಂಥ ‘ಮೂವಿಂಗ್ ಕಾಯಿಲ್’ ಮಾದರಿಯನ್ನು ತಯಾರಿಸಿತ್ತು. ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ರೆಕಾರ್ಡನ್ನು ಮಾರುಕಟ್ಟೆಗೆ ತಂದದ್ದೂ ಅದೇ ವರ್ಷ.

ವಜ್ರ ನಡೆಯುವ ದಾರಿ

ರೆಕಾರ್ಡಿನ ಗೆರೆ ಎಂದರೆ ನಿಜಕ್ಕೂ ಕೂದಲೆಳೆಯಂಥ ಒಂದು ಕಾಲುವೆ. ಅದರ ಎರಡು ಗೋಡೆಗಳ ಅಂಕುಡೊಂಕಿನಲ್ಲೇ ಹಾಡಿದೆ. ಸೂಜಿಯ ತುದಿ ವಜ್ರದ್ದು. ಅದನ್ನು ಹಿಡಿದಿರುವ ಕಡ್ಡಿ ನಮ್ಮ ಕಾರ್ಟ್ರಿಜ್‌ನಲ್ಲಿ ಮಾಣಿಕ್ಯದ್ದು. ‘ಕಿವಿಗೆ ಹಾಕ್ಕೊಳ್ಳೋ ವಜ್ರ ಗೊತ್ತು, ಕಿವಿಯಲ್ಲಿ ಕೇಳೋ ವಜ್ರ ಇದೇ ಮೊದಲು’ ಎಂದು ನಮ್ಮಜ್ಜಿ ನಕ್ಕಿದ್ದರು. ಕಡ್ಡಿಯ ಇನ್ನೊಂದು ತುದಿಯಲ್ಲಿ ಅತಿ ಸಣ್ಣ ತಂತಿಯ ಸುರುಳಿಗಳಿವೆ. ವಜ್ರ ಅಲುಗಿದಾಗ ಸುರುಳಿಗಳು ಅಯಸ್ಕಾಂತದ ನಡುವೆ ಅಲುಗುತ್ತವೆ, ವಿದ್ಯುತ್ ಹುಟ್ಟುತ್ತದೆ. ಅದೆಷ್ಟು? ಅರ್ಧ ಮಿಲಿವೋಲ್ಟ್! ಸಿ.ಡಿ. ಪ್ಲೇಯರ್ ಕೊಡುವ 2 ವೋಲ್ಟ್‌ನ 4000ದ ಒಂದು ಪಾಲು. ಈ ಪಿಸುಮಾತನ್ನು ಹಿಗ್ಗಿಸಲು ಫೋನೊ ಪ್ರೀಆಂಪ್ ಎಂಬ ಇನ್ನೊಂದು ಪೆಟ್ಟಿಗೆ ಬೇಕು.

ಒಂದು ಸಂಜೆ ರೀಸನಿಂಗ್ ಪ್ರಶ್ನೆಗಳು ಬೇಸರವಾಗಿ, ಈ ವಜ್ರ ಎಷ್ಟು ದೂರ ನಡೆಯುತ್ತದೆ ಎಂದು ಲೆಕ್ಕ ಹಾಕಿದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. 20 ನಿಮಿಷದ ಒಂದು ಸೈಡ್‌ಗೆ ಸುಮಾರು 667 ಸುತ್ತು. ಹೊರಸುತ್ತು ದೊಡ್ಡದು, ಒಳಸುತ್ತು ಚಿಕ್ಕದು. ಸರಾಸರಿ 65 ಸೆಂ.ಮೀ. ಹಿಡಿದರೆ ಒಂದು ಸೈಡ್‌ಗೆ 430 ಮೀಟರ್‌ಗೂ ಹೆಚ್ಚು. ಜೋಪಾನವಾಗಿ ನೋಡಿಕೊಂಡರೆ ಸೂಜಿ 1000 ಗಂಟೆಯವರೆಗೆ ಗುಣಮಟ್ಟ ಕೆಡದೆ ನುಡಿಯುತ್ತದೆ ಎನ್ನುತ್ತದೆ ಕಂಪನಿ. ಅಂದರೆ 3000 ಸೈಡ್, ಸುಮಾರು 1,300 ಕಿಲೊಮೀಟರ್. ಬೆಂಗಳೂರಿನಿಂದ ಮುಂಬೈಗಿಂತಲೂ ದೂರ!

ಸಾಕುವುದು ಸುಲಭವಲ್ಲ

ಇದರ ಜೊತೆಗಿನ ಬಾಳ್ವೆ ಎಂದರೆ ಮನೆಯಲ್ಲಿ ಎಳೆಗೂಸು ಇದ್ದಂತೆ. ಟರ್ನ್‌ಟೇಬಲ್ ಇರುವ ಮೇಜನ್ನು ಮನೆಗೆಲಸದವರು ಒರೆಸುವಂತಿಲ್ಲ. ಬಟ್ಟೆಯ ಒಂದು ನೂಲು ಸಿಕ್ಕಿಕೊಂಡರೆ ಮಾಣಿಕ್ಯದ ಕಡ್ಡಿ ಮುರಿದಂತೆಯೇ. ಸೂಜಿಯನ್ನು ಮೆತ್ತನೆಯ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಬೇಕು. ಪ್ರತಿ ಸಲ ರೆಕಾರ್ಡಿನ ದೂಳು ತೆಗೆಯಬೇಕು. ಅರ್ತಿಂಗ್ ವೈರ್ ಸ್ವಲ್ಪ ಸಡಿಲವಾದರೂ ಸ್ಪೀಕರ್‌ನಲ್ಲಿ ಜೇನುಹುಳ ಹೊಕ್ಕಂತೆ ಗುಂಯ್‌ಗುಡುತ್ತದೆ. ಹಾಡಿನ ನಡುವೆ ಕರೆಂಟ್ ಹೋದರೆ ಗಾಯಕಿಯ ದನಿ ಇಳಿಯುತ್ತಾ ಇಳಿಯುತ್ತಾ ಗಂಡಸಿನ ದನಿಯಾಗಿ ನಿಂತುಬಿಡುತ್ತದೆ. ಆಗ ಓಡಿಹೋಗಿ ಲಿವರ್ ಎತ್ತಿ ತೋಳನ್ನು ಮೇಲಕ್ಕೆತ್ತಬೇಕು.

ಸೂಜಿ ರೆಕಾರ್ಡಿನ ಮೇಲೆ ಹಾಕುವ ಭಾರ 2.5 ಗ್ರಾಂ ಇರಬೇಕು. ಒಂದು ರೂಪಾಯಿ ನಾಣ್ಯಕ್ಕಿಂತ ಕಡಿಮೆ. ಮಾವ ತಿಂಗಳಿಗೊಮ್ಮೆ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಅದನ್ನು ತೂಗುತ್ತಾರೆ. ‘ಭಾರ ಕಡಿಮೆ ಮಾಡಿದರೆ ರೆಕಾರ್ಡು ಇನ್ನೂ ಹೆಚ್ಚು ಬಾಳಬೇಕಲ್ವಾ ಮಾವ?’ ಎಂದು ಕೇಳಿದ್ದೆ. ‘ಹಾಗಂದ್ಕೊಂಡೇ ಎಷ್ಟೋ ಜನ ರೆಕಾರ್ಡು ಹಾಳು ಮಾಡ್ಕೊಂಡಿದಾರೆ ಕಣೇ. ಭಾರ ಸಾಲದೇ ಹೋದ್ರೆ ಸೂಜಿ ಗೆರೆಯಲ್ಲಿ ಊರಿ ನಿಲ್ಲಲ್ಲ. ಎಗರಿ ಎಗರಿ ಗೋಡೆಗೆ ಹೊಡೆಯುತ್ತೆ’ ಎಂದರು.

ಅತ್ತೆಯ ರೆಕಾರ್ಡು

ದುಬಾರಿ ಕಾರ್ಟ್ರಿಜ್ ಹಾಡಿಗೆ ಹೊಸದೇನನ್ನೂ ಸೇರಿಸುವುದಿಲ್ಲ. ಗೆರೆಯಲ್ಲಿ ಏನಿದೆಯೋ ಅದನ್ನು ಮುಚ್ಚಿಡದೆ ಹೇಳುತ್ತದೆ, ಅಷ್ಟೆ. ಒಳ್ಳೆಯ ರೆಕಾರ್ಡಿನಲ್ಲಿ ತಂಬೂರಿಯ ತಂತಿಗಳು ಬೇರೆ ಬೇರೆಯಾಗಿ ಕೇಳುತ್ತವೆ, ತಾನಿಗೂ ಮುನ್ನ ಗಾಯಕರು ಎಳೆದುಕೊಳ್ಳುವ ಉಸಿರು ಕೇಳುತ್ತದೆ. ಕೆಟ್ಟ ರೆಕಾರ್ಡಿನಲ್ಲಿ ಪ್ರತಿ ಗೀರೂ ಕೇಳುತ್ತದೆ.

ಆದರೆ ಒಂದು ಅಚ್ಚರಿಯಿದೆ. ಅಗ್ಗದ ಸೂಜಿಗಳ ತುದಿ ಸಾಮಾನ್ಯವಾಗಿ ಗುಂಡಗಿರುತ್ತದೆ. ಅದು ಗೆರೆಯ ಗೋಡೆಯನ್ನು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟುತ್ತದೆ. ಈ ಸೂಜಿಯ ಅಂಚು ತೆಳ್ಳಗೆ ಉದ್ದಕ್ಕಿದೆ. ಹಾಗಾಗಿ ಹಳೆಯ ಸೂಜಿ ಮುಟ್ಟದೇ ಬಿಟ್ಟ ಗೋಡೆಯ ಭಾಗವನ್ನೂ ಇದು ಮುಟ್ಟಬಲ್ಲದು. ಎಲ್ಲ ರೆಕಾರ್ಡುಗಳಲ್ಲೂ ಅಲ್ಲ, ಕೆಲವದರಲ್ಲಿ.

ಅತ್ತೆ ಧಾರವಾಡದವರು. ಮದುವೆಯಾಗಿ ಬರುವಾಗ ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿ ತಂದಿದ್ದರಂತೆ. ಸೂಟ್‌ಕೇಸಿನಂಥ ಹಳೆಯ ಪ್ಲೇಯರ್‌ನಲ್ಲಿ, ಸೂಜಿ ಸವೆದಿದ್ದರೂ, ದಿನಾ ಬೆಳಿಗ್ಗೆ ಅದನ್ನು ಹಾಕುತ್ತಿದ್ದರು. ಕೊನೆಕೊನೆಗೆ ಹಾಡಿಗಿಂತ ಕರಕರ ಸದ್ದೇ ಹೆಚ್ಚಾಗಿ ಅದನ್ನು ಕಪಾಟಿನಲ್ಲಿ ಇಟ್ಟುಬಿಟ್ಟರಂತೆ. ಹೊಸ ಕಾರ್ಟ್ರಿಜ್ ಬಂದ ಮೇಲೆ ಮಾವ ಅದನ್ನು ತೊಳೆದು ಹಾಕಿ ನೋಡಿದರು. ಕರಕರ ಪೂರ್ತಿ ಹೋಗಿರಲಿಲ್ಲ. ಆದರೆ ಅದರ ಹಿಂದಿನಿಂದ ಮನ್ಸೂರರ ದನಿ ಗಟ್ಟಿಯಾಗಿ ಎದ್ದು ಬಂತು. ‘ಅವಳಿದ್ದಾಗಲೇ ತಗೋಬೇಕಿತ್ತು’ ಎಂದಷ್ಟೇ ಮಾವ ನನಗೆ ಹೇಳಿದ್ದು. ಭಾನುವಾರ ಬೆಳಿಗ್ಗೆ ಇವತ್ತಿಗೂ ಅದೇ ರೆಕಾರ್ಡು, ಒಂದೇ ಸೈಡು.

ಲೆಕ್ಕದ ಪುಸ್ತಕ

ಟರ್ನ್‌ಟೇಬಲ್ ಪಕ್ಕ ಒಂದು ನೋಟ್‌ಬುಕ್ ಇದೆ. ಯಾವ ದಿನ, ಯಾವ ರೆಕಾರ್ಡು, ಎಷ್ಟು ನಿಮಿಷ ಎಂದು ಮಾವ ಬರೆದಿಡುತ್ತಾರೆ. 1000 ಗಂಟೆಯಾದ ಕೂಡಲೇ ಸೂಜಿ ಸತ್ತುಹೋಗುವುದಿಲ್ಲ. ಆದರೆ ಸವೆದ ವಜ್ರದ ಅಂಚು ಉಳಿಯಂತಾಗಿ ಗೆರೆಯನ್ನೇ ಕೆತ್ತತೊಡಗುತ್ತದೆ. ಹಾಗೆ ಕೆಟ್ಟ ರೆಕಾರ್ಡನ್ನು ಸರಿಮಾಡಲಾಗದು. ಈ ಮಾದರಿಯಲ್ಲಿ ಸೂಜಿಯನ್ನಷ್ಟೇ ಮನೆಯಲ್ಲಿ ಬದಲಿಸಲೂ ಬರುವುದಿಲ್ಲ. ಇಡೀ ಕಾರ್ಟ್ರಿಜ್ಜನ್ನೇ ಕಳಿಸಬೇಕು, ಇಲ್ಲವೇ ಹೊಸದು ಕೊಳ್ಳಬೇಕು.

ನಾನು ಬಂದ ಹೊಸತರಲ್ಲಿ ಅಮ್ಮ ಕೇಳಿಯೇಬಿಟ್ಟಿದ್ದಳು: ‘ಅಣ್ಣ, ಅದನ್ನ ಮಾರಿದ್ರೆ ಇವಳ ಕೋಚಿಂಗ್ ಫೀಸು ಆಗಲ್ವಾ?’ ಮಾವ ನಕ್ಕರು. ‘ಎಂಟುನೂರು ಗಂಟೆ ಓಡಿರೋ ಸೂಜಿಗೆ ಯಾರಮ್ಮ ದುಡ್ಡು ಕೊಡ್ತಾರೆ? ಫೀಸು ನಾನು ಕಟ್ತೀನಿ ಬಿಡು.’ ಕಟ್ಟಿದರು ಕೂಡ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದರು, ಟೆಸ್ಟ್ ಸೀರೀಸ್‌ಗೂ ಕೊಟ್ಟರು. ಅದು ಮುಂದಿನ ಕಾರ್ಟ್ರಿಜ್‌ಗೆಂದು ಅವರು ಕೂಡಿಡುತ್ತಿದ್ದ ಹಣ ಎಂದು ಅಮ್ಮನಿಂದಲೇ ನನಗೆ ಆಮೇಲೆ ಗೊತ್ತಾಯಿತು.

ಅಂದು ನೋಟ್‌ಬುಕ್ ತೆಗೆದು ನೋಡಿದೆ. 812 ಗಂಟೆ ಆಗಿತ್ತು. ಉಳಿದದ್ದು 188 ಗಂಟೆ, ಅಂದರೆ 564 ಸೈಡ್. ಮನೆಯಲ್ಲಿರುವುದು 300 ರೆಕಾರ್ಡು, 600 ಸೈಡ್. ಎಲ್ಲವನ್ನೂ ಇನ್ನೊಂದು ಸಲ ಕೇಳುವಷ್ಟೂ ಉಳಿದಿಲ್ಲ. ‘ಮಾವ, ಇನ್ಮೇಲೆ ನನಗೋಸ್ಕರ ಹಾಕಬೇಡಿ’ ಅಂದೆ. ಅವರು ಪೆನ್ನು ತೆಗೆದುಕೊಂಡು ಕೊನೆಯ ಹಾಳೆಯಲ್ಲಿ ನನ್ನ ಹೆಸರು ಬರೆದು, ಅದರ ಮುಂದೆ ‘20 ಗಂಟೆ’ ಎಂದು ಬರೆದರು. ‘ಇದು ನಿಂದು. ಏನು ಬೇಕಾದ್ರೂ ಕೇಳು. ಆದ್ರೆ ಕೂತು ಕೇಳು.’

ಫೋನಿನಲ್ಲಿ ನಾನು ದಿನಕ್ಕೆ ನಾಲ್ಕೈದು ಗಂಟೆ ಹಾಡು ಕೇಳುತ್ತೇನೆ. ಓದುವಾಗ, ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ. ಯಾವ ಹಾಡು ಬಂತು, ಯಾವುದು ಹೋಯಿತು ನೆನಪಿರುವುದಿಲ್ಲ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ 20 ಗಂಟೆಯಲ್ಲಿ ಈವರೆಗೆ ಖರ್ಚಾದ 11 ಗಂಟೆಯ 33 ಸೈಡ್‌ಗಳೂ ನನಗೆ ನೆನಪಿವೆ. ಪ್ರಿಲಿಮ್ಸ್ ಪಾಸಾದ ದಿನ ಯಾವುದು, ಮೇನ್ಸ್‌ನಲ್ಲಿ ಎರಡು ಅಂಕ ಕಡಿಮೆ ಬಂದ ದಿನ ಯಾವುದು, ಎಲ್ಲವೂ.

ಶುರು ಮಾಡುವವರಿಗೆ

ಇದನ್ನು ಓದಿ ಯಾರೂ ಸಾಲ ಮಾಡಿ ಕಾರ್ಟ್ರಿಜ್ ಕೊಳ್ಳಲು ಹೋಗಬೇಡಿ. ರೆಕಾರ್ಡಿನ ಆಸೆಯಿದ್ದರೆ ಕೆಲವೇ ಸಾವಿರಕ್ಕೆ ಸಿಗುವ ‘ಮೂವಿಂಗ್ ಮ್ಯಾಗ್ನೆಟ್’ ಕಾರ್ಟ್ರಿಜ್ ಸಾಕು. ಅದರ ಸೂಜಿಯನ್ನು ಮನೆಯಲ್ಲೇ ಬದಲಿಸಬಹುದು. ಒಂದು ಬ್ರಷ್, ಒಂದು ಪುಟ್ಟ ತಕ್ಕಡಿ ತಪ್ಪದೆ ಇಟ್ಟುಕೊಳ್ಳಿ. ಸರಿಯಾಗಿ ಕೂರಿಸಿದ ಅಗ್ಗದ ಸೂಜಿ, ಹೇಗೋ ಕೂರಿಸಿದ ದುಬಾರಿ ಸೂಜಿಗಿಂತ ಚೆನ್ನಾಗಿ ಹಾಡುತ್ತದೆ. ನೋಟ್‌ಬುಕ್ಕಂತೂ ಇರಲಿ.

ಕೆಲಸ ಸಿಕ್ಕರೆ ಮಾವನಿಗೊಂದು ಹೊಸ ಕಾರ್ಟ್ರಿಜ್ ಕೊಡಿಸಬೇಕು ಎಂದಿದೆ. ಮೊದಲ ಸಂಬಳದಲ್ಲಂತೂ ಆಗುವುದಿಲ್ಲ, ಲೆಕ್ಕ ಹಾಕಿದ್ದೇನೆ. ಏಳೆಂಟು ತಿಂಗಳಾದರೂ ಕೂಡಿಡಬೇಕು. ಅಲ್ಲಿಯವರೆಗೆ ನನ್ನ ಪಾಲಿನಲ್ಲಿ ಇನ್ನೂ 9 ಗಂಟೆ ಇದೆ. ಅದರಲ್ಲಿ ಐದನ್ನು ಮಾವನ ಭಾನುವಾರಗಳಿಗೆ ಬರೆದುಕೊಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿದೆ, ಅವರಿನ್ನೂ ನೋಡಿಲ್ಲ.