ಗೋಕರ್ಣದ ಹಾದಿಯಲ್ಲಿ ಹನೇಹಳ್ಳಿ

ಶಿವರಾತ್ರಿ ಸಮೀಪಿಸಿತೆಂದರೆ ಗೋಕರ್ಣದ ನೆನಪಾಗದ ಮನೆ ನಮ್ಮಲ್ಲಿ ವಿರಳ. ತಾವೂ ಎಂದಾದರೊಮ್ಮೆ ಕುಮಟೆಯಿಂದ ಆ ಹಾದಿ ಹಿಡಿದಿರಬಹುದು. ದೀವಗಿಯಲ್ಲಿ ಅಘನಾಶಿನಿಯನ್ನು ದಾಟಿ, ಮಿರ್ಜಾನವನ್ನು ಹಿಂದಿಕ್ಕಿ, ಹಿರೇಗುತ್ತಿಯನ್ನು ಹಾಯ್ದರೆ ಮಾದನಗೇರಿ. ಅಲ್ಲಿ ಹೆದ್ದಾರಿಯನ್ನು ಬಿಟ್ಟು ಕಡಲ ಕಡೆಗೆ ಹೊರಳಬೇಕು. ಬಂಕಿಕೊಡ್ಲ, ಹನೇಹಳ್ಳಿಗಳ ಆಚೆಗೆ ಗೋಕರ್ಣ.

ಈ ಕ್ಷೇತ್ರಕ್ಕೂ ಸಾಹಿತ್ಯಕ್ಕೂ ನಂಟು ಹಳೆಯದು. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದರು ಹೊರಟದ್ದು ಗೋಕರ್ಣದ ಈಶ್ವರನ ಸನ್ನಿಧಿಗೇ. ನಮ್ಮ ಕಾಲಕ್ಕೆ ಬಂದರೆ, ಗೌರೀಶ ಕಾಯ್ಕಿಣಿಯವರು ಅಲ್ಲಿಯ ಭದ್ರಕಾಳಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಲೇ ಕನ್ನಡ ವಿಮರ್ಶೆಯನ್ನು ಬೆಳೆಸಿದರು. ಆದರೆ ಇಂದು ನಾನು ತಮ್ಮನ್ನು ನಿಲ್ಲಿಸಬೇಕೆಂದಿರುವುದು ಗೋಕರ್ಣಕ್ಕೆ ಮೊದಲೇ, ಹನೇಹಳ್ಳಿಯಲ್ಲಿ.

ಅಲ್ಲಿ ಇಳಿದರೆ ನೋಡುವುದೇನುಂಟು? ತೆಂಗು, ಗದ್ದೆ, ಹಂಚಿನ ಮನೆ. ಕರಾವಳಿಯ ಯಾವ ಹಳ್ಳಿಯಲ್ಲಿಲ್ಲ ಇವು? ಆದರೂ ಈ ಒಂದೇ ಊರು ಇಬ್ಬರು ಅಣ್ಣತಮ್ಮಂದಿರನ್ನು ಕನ್ನಡಕ್ಕೆ ಕೊಟ್ಟಿತು. ಅಣ್ಣ ಗಂಗಾಧರ ಚಿತ್ತಾಲರು (1923-1987) 'ಮನುಕುಲದ ಹಾಡು', 'ಹರಿವ ನೀರಿದು' ಸಂಕಲನಗಳ ಕವಿ. ತಮ್ಮ ಯಶವಂತ ಚಿತ್ತಾಲರು (1928-2014) ಕಥೆ, ಕಾದಂಬರಿಗಳಿಗೆ ಹೆಸರಾದವರು.

ಯಶವಂತರು ಬಾಳಿನ ಬಹುಭಾಗವನ್ನು ಕಳೆದದ್ದು ಮುಂಬಯಿಯಲ್ಲಿ. ಅದಕ್ಕೆ ಕಾರಣವುಂಟು. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದಿದ ಹುಡುಗರಿಗೆ ಕಾಲೇಜು, ನೌಕರಿ ಎಂದರೆ ಆ ಮಹಾನಗರವೇ ಕಣ್ಮುಂದೆ ಬರುತ್ತಿತ್ತು. ಹೀಗೆ ಊರು ಬಿಟ್ಟ ಎಷ್ಟೋ ತರುಣರಲ್ಲಿ ಚಿತ್ತಾಲರೂ ಒಬ್ಬರು. ರಸಾಯನ ತಂತ್ರಜ್ಞಾನ ಕಲಿತು, ಪ್ಲಾಸ್ಟಿಕ್ಕಿನ ಮೂಲವಾದ ಪಾಲಿಮರುಗಳ ಕೆಲಸದಲ್ಲಿ ತಜ್ಞರಾದರು. ಹಗಲೆಲ್ಲ ಕಾರಖಾನೆಯ ಲೆಕ್ಕ. ಲೇಖನಿ ಹಿಡಿದರೆ ಹನೇಹಳ್ಳಿ.

ಅವರ 'ಮೂರು ದಾರಿಗಳು' (1964) ಕಾದಂಬರಿಯಲ್ಲಿ ಊರ ಮಾತಿಗೆ ಸಿಕ್ಕ ಒಂದು ಮನೆತನದ ಸಂಕಟವುಂಟು. ಇದನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. 'ಶಿಕಾರಿ' (1979) ನಡೆಯುವುದು ಮುಂಬಯಿಯಲ್ಲಿ. ಅದರ ನಾಗಪ್ಪ ದೊಡ್ಡ ಕಂಪನಿಯೊಂದರ ಅಧಿಕಾರಿ. ತನ್ನ ಮೇಲಿನ ಆರೋಪ ಏನೆಂಬುದೇ ತಿಳಿಯದೆ ಬೇಟೆಗೆ ಸಿಕ್ಕ ಮಿಗದಂತೆ ತಳಮಳಿಸುತ್ತಾನೆ. ಆ ತಳಮಳದಲ್ಲಿ ಬಾಲ್ಯದ ನೆನಪುಗಳೂ ಅವನ ಬೆನ್ನು ಬಿಡುವುದಿಲ್ಲ. 'ಕಥೆಯಾದಳು ಹುಡುಗಿ' ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಊರನ್ನು ಹೊಗಳಿ ಹಾಡುವುದು ಸುಲಭ. ಚಿತ್ತಾಲರು ಹಾಗೆ ಮಾಡಲಿಲ್ಲ. ಹಳ್ಳಿಯ ಅಕ್ಕರೆಯೊಡನೆ ಅದರ ಗುಸುಗುಸು, ಅಂಜಿಕೆ, ಕ್ರೌರ್ಯಗಳನ್ನೂ ಬರೆದರು. ಆದುದರಿಂದಲೇ ಹನೇಹಳ್ಳಿಯನ್ನು ಕಾಣದವನಿಗೂ ಅದು ತನ್ನ ಊರೇ ಎನಿಸುತ್ತದೆ.

ರಾವಣನು ಆತ್ಮಲಿಂಗವನ್ನು ಗೋಕರ್ಣದ ನೆಲದಿಂದ ಕೀಳಲಾರದೆ ಬರಿಗೈಯಲ್ಲಿ ಹೋದನೆಂಬ ಸ್ಥಳಪುರಾಣ ತಮಗೆ ಗೊತ್ತೇ ಇದೆ. ಅದೇ ನೆರೆಯಲ್ಲಿ ಹುಟ್ಟಿದ ಈ ಕಥೆಗಾರ ಮಾತ್ರ ಒಂದಿಡೀ ಊರನ್ನು ಎತ್ತಿಕೊಂಡು ಹೋಗಿ, ನಮ್ಮೆಲ್ಲರ ಮನೆಗೂ ತಲುಪಿಸಿದ. ಆದರೆ ಮನೆಗೆ ಬಂದ ಊರು ಕಪಾಟಿನಲ್ಲಿಯೇ ಉಳಿದರೆ ಏನು ಬಂತು? ನೌಕರಿಗೆಂದು ಮಕ್ಕಳು ದೂರ ಹೋದ ಮನೆಗಳು ಇಂದು ಎಲ್ಲ ಊರುಗಳಲ್ಲಿಯೂ ಉಂಟು. ಹೋದವರ ಒಳಗುದಿಯೇನು ಎಂಬುದನ್ನು ಉಳಿದವರಿಗೆ ತಿಳಿಸಬಲ್ಲ ಬರಹ ಇದು.

ಈ ಸಲ ಯಾತ್ರೆಗೆ ಹೊರಡುವ ಮುನ್ನ, ರಾತ್ರಿ ಊಟವಾದ ಮೇಲೆ, ಚಿತ್ತಾಲರ ಒಂದು ಕಥೆಯನ್ನು ಮನೆಮಂದಿಗೆ ಓದಿ ಹೇಳಿರಿ. ಮರುದಿನ ಮಾದನಗೇರಿಯಲ್ಲಿ ಹೊರಳಿದಾಗ, ಹನೇಹಳ್ಳಿ ಬಂತೇ ಎಂದು ಮಕ್ಕಳೇ ಕೇಳಿಯಾರು.